ವಿಮಾನ ಹತ್ತುವ ತಾರೀಕು

ವಿದೇಶದಲ್ಲಿ ಕೆಲಸ ಸಿಕ್ಕಿತೆಂದರೆ ಮನೆಯ ಮಾತೆಲ್ಲ ವೀಸಾ, ಟಿಕೆಟ್, ಅಲ್ಲಿನ ಬಾಡಿಗೆ ಮನೆ, ಬ್ಯಾಗಿನ ತೂಕ ಇವುಗಳ ಸುತ್ತಲೇ ತಿರುಗುತ್ತದೆ. ತೆರಿಗೆಯ ನೆನಪಾಗುವುದು ಮರುವರ್ಷದ ಜುಲೈಯಲ್ಲಿ, ರಿಟರ್ನ್ ಸಲ್ಲಿಸಲು ನಾಲ್ಕು ದಿನ ಉಳಿದಾಗ. ಆಗ ಆಡಿಟರ್ ಕೇಳುವ ಮೊದಲ ಪ್ರಶ್ನೆ, ‘ಹೊರಟದ್ದು ಯಾವತ್ತು?’ ಆ ತಾರೀಕು ಅಷ್ಟು ಹೊತ್ತಿಗೆ ಪಾಸ್‌ಪೋರ್ಟಿನಲ್ಲಿ ಅಚ್ಚಾಗಿರುತ್ತದೆ, ಯಾರೂ ತಿದ್ದಲಾರರು. ಈ ಬರಹ ಇನ್ನೂ ಟಿಕೆಟ್ ಬುಕ್ ಮಾಡದವರಿಗಾಗಿ. ತೆರಿಗೆಯ ಮಟ್ಟಿಗೆ ಅವರು ಮಾಡಬಹುದಾದ ಅತಿ ದೊಡ್ಡ ಆಯ್ಕೆ ಟಿಕೆಟ್ಟಿನ ತಾರೀಕೇ.

ನಮ್ಮ ಆದಾಯ ತೆರಿಗೆ ಕಾನೂನು ಪೌರತ್ವಕ್ಕಿಂತ ಮೊದಲು ದಿನ ಎಣಿಸುತ್ತದೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನೀವು ನಿವಾಸಿ. 182 ಆಗದಿದ್ದರೂ, ಆ ವರ್ಷ 60 ದಿನ ಇದ್ದು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದಿದ್ದರೆ ಆಗಲೂ ನಿವಾಸಿಯೇ. ಹುಟ್ಟಿದಾರಭ್ಯ ಇಲ್ಲೇ ಇದ್ದವರಿಗೆ ಆ 365 ಹೇಗೂ ತುಂಬಿರುತ್ತದೆ. ಹಾಗಾಗಿ ಈ ಎರಡನೇ ನಿಯಮ ಇದ್ದಂತೆಯೇ ಅನ್ವಯವಾದರೆ ಮೇ ಕೊನೆಗೇ ಕಥೆ ಮುಗಿಯುತ್ತದೆ. ಆದರೆ ಕಾನೂನು ಇಲ್ಲೊಂದು ದೊಡ್ಡ ರಿಯಾಯಿತಿ ಕೊಟ್ಟಿದೆ. ಭಾರತದ ಪ್ರಜೆಯೊಬ್ಬ ವಿದೇಶದಲ್ಲಿ ಉದ್ಯೋಗಕ್ಕಾಗಿ ಹೊರಟ ವರ್ಷದಲ್ಲಿ ಆ 60ರ ಜಾಗಕ್ಕೆ 182 ಬರುತ್ತದೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ‘ಹಿಂದಿನ ವರ್ಷ’, ‘ಮೌಲ್ಯಮಾಪನ ವರ್ಷ’ ಎಂಬ ಗೊಂದಲ ಹೋಗಿ ‘ತೆರಿಗೆ ವರ್ಷ’ ಎಂಬ ಒಂದೇ ಹೆಸರು ಉಳಿದಿದೆ. ಈ ದಿನಗಳ ಲೆಕ್ಕ ಮಾತ್ರ ಹಾಗೇ ಮುಂದುವರಿದಿದೆ.

ಏಪ್ರಿಲ್ 1ರಿಂದ ಬೆರಳು ಮಡಿಸುತ್ತಾ ಬನ್ನಿ. ಸೆಪ್ಟೆಂಬರ್ 28ಕ್ಕೆ 181 ದಿನ. ಹೊರಡುವ ದಿನವನ್ನೂ ಭಾರತದ ಲೆಕ್ಕಕ್ಕೇ ಹಿಡಿಯುವುದು ಕ್ಷೇಮ. ಅಂದರೆ ಉದ್ಯೋಗಕ್ಕೆ ಹೋಗುವವರು ಸೆಪ್ಟೆಂಬರ್ 28ರೊಳಗೆ ದೇಶ ಬಿಟ್ಟರೆ ಆ ಇಡೀ ವರ್ಷಕ್ಕೆ ಅನಿವಾಸಿ, 29ಕ್ಕೆ ಬಿಟ್ಟರೆ ಇಡೀ ವರ್ಷಕ್ಕೆ ನಿವಾಸಿ. ನಡುವೆ ಅರ್ಧ ವರ್ಷ ಇದು, ಅರ್ಧ ವರ್ಷ ಅದು ಎಂಬ ವ್ಯವಸ್ಥೆ ನಮ್ಮ ಕಾನೂನಿನಲ್ಲಿ ಇಲ್ಲ. ಬೆಂಗಳೂರಿನಿಂದ ಗಲ್ಫ್‌ಗೂ ಯುರೋಪಿಗೂ ಹೋಗುವ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹಾರುತ್ತವೆ. ಟಿಕೆಟ್ಟಿನ ತಾರೀಕು, ಇಮಿಗ್ರೇಷನ್ ಮುದ್ರೆಯ ತಾರೀಕು ಎರಡೂ ಬೇರೆಯಾಗಬಹುದು. ಗಡಿಯ ಮೇಲೆ ಕೊನೇ ದಿನ ನಿಲ್ಲಬೇಡಿ, ವಾರ ಮೊದಲೇ ಹೊರಡಿ.

ಒಂದು ವಾರದ ಬೆಲೆ ಎಷ್ಟು? ಬೆಂಗಳೂರಿನಲ್ಲಿ ತಿಂಗಳಿಗೆ 2 ಲಕ್ಷ ಸಂಬಳ ಪಡೆಯುತ್ತಿದ್ದ ಶಿರಸಿ ಕಡೆಯ ಎಂಜಿನಿಯರ್ ಒಬ್ಬನಿಗೆ ದುಬೈನಲ್ಲಿ ನಮ್ಮ ಲೆಕ್ಕದ 4 ಲಕ್ಷದ ಕೆಲಸ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಮೊದಲ ಆರು ತಿಂಗಳ 12 ಲಕ್ಷ ಇಲ್ಲಿ, ಉಳಿದ ಆರು ತಿಂಗಳ 24 ಲಕ್ಷ ಅಲ್ಲಿ. ಆತ ಅಕ್ಟೋಬರ್ 5ಕ್ಕೆ ಹೊರಟರೆ ನಿವಾಸಿ. ನಿವಾಸಿಗೆ ಜಗತ್ತಿನ ಯಾವ ಮೂಲೆಯ ಆದಾಯಕ್ಕೂ ಇಲ್ಲಿ ತೆರಿಗೆ. ಹೊಸ ತೆರಿಗೆ ಪದ್ಧತಿಯಲ್ಲಿ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸೆಸ್ ಸೇರಿಸಿದರೆ ಸುಮಾರು 6.63 ಲಕ್ಷ ಆಗುತ್ತದೆ. ಸೆಪ್ಟೆಂಬರ್ 25ಕ್ಕೇ ಹೊರಟಿದ್ದರೆ ಇಲ್ಲಿನ 12 ಲಕ್ಷಕ್ಕೆ ಮಾತ್ರ ತೆರಿಗೆ: 54,600 ರೂಪಾಯಿ. ಹತ್ತು ದಿನದ ವ್ಯತ್ಯಾಸಕ್ಕೆ 6 ಲಕ್ಷ! ದುಬೈನಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ, ಆದ್ದರಿಂದ ‘ಅಲ್ಲಿ ಕಟ್ಟಿದ್ದೇನೆ, ಇಲ್ಲಿ ಕಳೆದುಕೊಡಿ’ ಎನ್ನಲೂ ದಾರಿಯಿಲ್ಲ. ಜರ್ಮನಿಗೆ ಹೋದವನಿಗೆ ಈ ಪೆಟ್ಟು ಅಷ್ಟಾಗಿ ಬೀಳುವುದಿಲ್ಲ. ಅಲ್ಲಿ ಕಟ್ಟಿದ ತೆರಿಗೆಗೆ ಎರಡು ದೇಶಗಳ ಒಪ್ಪಂದದ ಪ್ರಕಾರ ಇಲ್ಲಿ ಕ್ರೆಡಿಟ್ ಸಿಗುತ್ತದೆ, ಅದಕ್ಕೆ ಬೇಕಾದ ಫಾರ್ಮು, ದಾಖಲೆಗಳನ್ನು ಸಮಯಕ್ಕೆ ಸಲ್ಲಿಸಿದ್ದರೆ.

ಆ 54,600ರ ಬಗ್ಗೆಯೂ ಒಂದು ಮಾತು. ಅದೇ 12 ಲಕ್ಷ ಸಂಬಳವಿರುವ ಪಕ್ಕದ ಮನೆಯವನಿಗೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಹೀಗೆ ತೆರಿಗೆಯನ್ನು ಸೊನ್ನೆ ಮಾಡುವ ರಿಬೇಟ್ ಅನಿವಾಸಿಗಳಿಗಿಲ್ಲ. ಅನಿವಾಸಿಯಾಗುವುದೆಂದರೆ ಬರೀ ಲಾಭ ಎಂದುಕೊಂಡವರು ಇದನ್ನು ಗಮನಿಸಬೇಕು. ಇಲ್ಲಿನ ಆದಾಯದ ಮೇಲೆ ಅನಿವಾಸಿಗೆ ಸಿಗುವ ಸೌಲಭ್ಯ ನಿವಾಸಿಗಿಂತ ಕಡಿಮೆಯೇ. ಲಾಭ ಇರುವುದು ಹೊರಗಿನ ಆದಾಯದಲ್ಲಿ.

ಉದ್ಯೋಗಕ್ಕೆ ಹೋಗುವವರ ರಿಯಾಯಿತಿ ಉದ್ಯೋಗಕ್ಕೆ ಹೋಗುವವರಿಗೆ ಮಾತ್ರ ಎಂಬುದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ಎಂ.ಎಸ್. ಓದಲು ಆಗಸ್ಟಿನಲ್ಲಿ ಅಮೆರಿಕಕ್ಕೆ ಹೋದ ಮಗಳು, ಗಂಡನ ಜತೆ ಡಿಪೆಂಡೆಂಟ್ ವೀಸಾದಲ್ಲಿ ಹೋದ ಹೆಂಡತಿ ಇಬ್ಬರಿಗೂ 60 ದಿನದ ನಿಯಮವೇ ಅನ್ವಯ. ಗಂಡ ಆ ವರ್ಷ ಅನಿವಾಸಿ, ಹೆಂಡತಿ ನಿವಾಸಿ, ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತು ಹೋಗಿದ್ದರೂ! ಮಗಳಿಗೆ ಆದಾಯವೇ ಇಲ್ಲ, ಏನಾಯಿತು ಎನ್ನಬಹುದು. ಆದರೆ ನಿವಾಸಿಯಾದವರು ಹೊರದೇಶದ ಬ್ಯಾಂಕ್ ಖಾತೆಯನ್ನು ಇಲ್ಲಿನ ರಿಟರ್ನಿನಲ್ಲಿ ತೋರಿಸಬೇಕು, ಅದಕ್ಕಾಗಿಯೇ ರಿಟರ್ನ್ ಹಾಕಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ಮೀರದಿದ್ದರೆ ಆ ದಂಡ ಬೇಡವೆಂದು 2024ರ ಅಕ್ಟೋಬರ್‌ನಿಂದ ಸಡಿಲಿಸಿದ್ದಾರೆ. ವಿದ್ಯಾರ್ಥಿಗಳ ಪಾಲಿಗೆ ಅದು ದೊಡ್ಡ ನೆಮ್ಮದಿ. ತೋರಿಸುವ ಕರ್ತವ್ಯ ಮಾತ್ರ ಹಾಗೇ ಇದೆ.

ಇನ್ನು ರಜೆಗೆ ಊರಿಗೆ ಬರುವವರ ಲೆಕ್ಕ. ಹೊರಗೆ ನೆಲೆಸಿ ಭೇಟಿಗೆ ಬರುವ ಭಾರತೀಯರಿಗೆ 182 ದಿನದ ಮಿತಿ ಇದೆ. ಆದರೆ 2020ರಿಂದ, ಇಲ್ಲಿನ ಆದಾಯ 15 ಲಕ್ಷ ಮೀರಿದವರಿಗೆ ಅದು 120ಕ್ಕೆ ಇಳಿದಿದೆ. ಬಾಡಿಗೆ, ಎಫ್‌ಡಿ ಬಡ್ಡಿ ಸೇರಿ 6 ಲಕ್ಷವಷ್ಟೇ ಇರುವವರು ತಮಗಿದು ಸಂಬಂಧವಿಲ್ಲ ಎಂದುಕೊಳ್ಳುತ್ತಾರೆ. ಒಂದು ಸೈಟು ಮಾರಿದ ವರ್ಷ ಆ ಲಾಭವೂ ಸೇರಿ 15 ಲಕ್ಷ ದಾಟಿಬಿಡುತ್ತದೆ. ಅದೇ ವರ್ಷ ಅಪ್ಪನ ಆಸ್ಪತ್ರೆಗೆಂದು ನಾಲ್ಕೂವರೆ ತಿಂಗಳು ಊರಲ್ಲಿದ್ದು, ಹಿಂದಿನ ನಾಲ್ಕು ವರ್ಷಗಳ 365 ದಿನವೂ ತುಂಬಿದ್ದರೆ ನಿವಾಸಿಯೆಂಬ ಪಟ್ಟ. ಹಾಗಾದವರನ್ನು ಕಾನೂನು ಸಾಮಾನ್ಯ ನಿವಾಸಿಗಳ ಸಾಲಿಗೆ ಸೇರಿಸದೆ, ಆಡಿಟರುಗಳು ‘ಆರ್‌ಎನ್‌ಓಆರ್’ ಎನ್ನುವ ನಡುವಿನ ಸ್ಥಾನ ಕೊಡುತ್ತದೆ. ಹೊರಗಿನ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ.

ಅದೇ 2020ರಲ್ಲಿ ಭಟ್ಕಳ, ಮಂಗಳೂರು, ಉಡುಪಿಯ ಎಷ್ಟೋ ಗಲ್ಫ್ ಮನೆಗಳಲ್ಲಿ ನಿದ್ದೆಗೆಡಿಸಿದ್ದು ಇನ್ನೊಂದು ನಿಯಮ. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ನಿವಾಸಿ ಎಂದೇ ಪರಿಗಣಿಸುವುದಾಗಿ ಬಜೆಟ್ ಹೇಳಿತು. ದುಬೈ, ದೋಹಾ, ರಿಯಾದ್‌ಗಳಲ್ಲಿ ಬಿಸಿಲಿಗೆ ಬೆವರು ಸುರಿಸಿ ದುಡಿದ ಹಣಕ್ಕೆ ಇಲ್ಲಿ ತೆರಿಗೆಯೇ ಎಂಬ ಆತಂಕ ಹರಡಿತು. ಫೆಬ್ರವರಿ 2ರಂದೇ ಕೇಂದ್ರ ನೇರ ತೆರಿಗೆ ಮಂಡಳಿ, ಅಲ್ಲಿ ಪ್ರಾಮಾಣಿಕವಾಗಿ ದುಡಿಯುವವರನ್ನು ಹಿಡಿಯುವ ಉದ್ದೇಶ ಇದಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ಕೊನೆಗೆ ಬಂದ ಕಾನೂನಿನಲ್ಲಿ, ಇಲ್ಲಿನ ಆದಾಯ 15 ಲಕ್ಷ ಮೀರಿದವರಿಗೆ ಮಾತ್ರ ಇದು ಅನ್ವಯ, ಅವರಿಗೂ ಅದೇ ನಡುವಿನ ಸ್ಥಾನ. ಕಟ್ಟಡ ಕೆಲಸಗಾರ, ಡ್ರೈವರ್, ನರ್ಸ್ ಇವರು ಹೆದರಬೇಕಾಗಿಲ್ಲ. ಕರಾವಳಿಯ ಹಡಗಿನವರಿಗೂ ಒಂದು ನೆಮ್ಮದಿಯ ಸುತ್ತೋಲೆ ಇದೆ. ಅನಿವಾಸಿ ನಾವಿಕನೊಬ್ಬ ವಿದೇಶಿ ಹಡಗಿನಲ್ಲಿ ಹೊರಗೆ ದುಡಿದ ಸಂಬಳ ಇಲ್ಲಿನ ಎನ್‌ಆರ್‌ಇ (ಅನಿವಾಸಿ) ಖಾತೆಗೆ ಜಮೆಯಾಯಿತೆಂಬ ಒಂದೇ ಕಾರಣಕ್ಕೆ ತೆರಿಗೆ ಹಾಕುವಂತಿಲ್ಲ ಎಂದು 2017ರಲ್ಲಿ ಮಂಡಳಿ ಹೇಳಿದೆ.

ಇಷ್ಟೆಲ್ಲ ಆದಾಯ ತೆರಿಗೆಯ ಮಾತು. ಬ್ಯಾಂಕಿಗೂ ಜಮೀನಿಗೂ ಸಂಬಂಧಿಸಿದ್ದು ಬೇರೆಯೇ ಕಾನೂನು, 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಎಲ್ಲರ ಬಾಯಲ್ಲಿ ‘ಫೆಮಾ’. ಅದು ಉದ್ದೇಶ ನೋಡುತ್ತದೆ. ಉದ್ಯೋಗಕ್ಕೆಂದು ಹೊರಟ ದಿನದಿಂದಲೇ ನೀವು ಫೆಮಾದ ಕಣ್ಣಿಗೆ ಅನಿವಾಸಿ. ಆದ್ದರಿಂದ ನವೆಂಬರಿನಲ್ಲಿ ಹೊರಟವನು ತೆರಿಗೆಗೆ ನಿವಾಸಿಯಾಗಿದ್ದುಕೊಂಡೇ ಬ್ಯಾಂಕಿಗೆ ಅನಿವಾಸಿ ಆಗಿರುತ್ತಾನೆ. ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ತೊಂದರೆಗಳು ಹುಟ್ಟುತ್ತವೆ.

ಹಳೆಯ ಎಸ್‌ಬಿ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಎನ್‌ಆರ್‌ಓ ಮಾಡಿಸಬೇಕು. ಇಲ್ಲಿನ ಬಾಡಿಗೆ, ಡಿವಿಡೆಂಡ್, ಹಳೆಯ ಉಳಿತಾಯ ಅದಕ್ಕೆ. ಅಲ್ಲಿ ದುಡಿದು ಕಳಿಸುವ ಹಣಕ್ಕೆ ಎನ್‌ಆರ್‌ಇ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಹಣ ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು. ಎನ್‌ಆರ್‌ಓ ಬಡ್ಡಿಗೆ ಮೊದಲ ರೂಪಾಯಿಯಿಂದಲೇ ಶೇ 30 ಮತ್ತು ಸೆಸ್ ಟಿಡಿಎಸ್, ಅಲ್ಲಿಂದ ಹೊರಗೆ ಒಯ್ಯಲು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ. ನೆಲೆಸಿದ ದೇಶದ ತೆರಿಗೆ ಇಲಾಖೆಯಿಂದ ನಿವಾಸ ಪ್ರಮಾಣಪತ್ರ ತಂದು ಬ್ಯಾಂಕಿಗೆ ಕೊಟ್ಟರೆ ಒಪ್ಪಂದದ ದರಕ್ಕೆ ಟಿಡಿಎಸ್ ಇಳಿಯುತ್ತದೆ. ಜರ್ಮನಿಯಲ್ಲಿರುವವರಿಗೆ ಶೇ 10, ಅಮೆರಿಕದವರಿಗೆ ಶೇ 15. ಈ ಒಂದು ಕಾಗದ ತರಲು ಬೇಸರಪಟ್ಟು ವರ್ಷಗಟ್ಟಲೆ ಹಣ ಸಿಕ್ಕಿಹಾಕಿಸಿಕೊಂಡವರು ಬಹಳ. ಹಳೆಯ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ನಡೆಸಬಹುದು, ಮುಂದುವರಿಸಲಾಗದು, ಹೊಸದು ತೆರೆಯಲಾಗದು. ಪಿಎಫ್ ಹಣವನ್ನು ‘ಇರಲಿ, ಬೆಳೆಯಲಿ’ ಎಂದು ಬಿಟ್ಟುಹೋಗುವವರು ನೆನಪಿಡಿ: ಕೆಲಸ ಬಿಟ್ಟ ಮೇಲೆ ಸೇರುವ ಬಡ್ಡಿ ತೆರಿಗೆಗೆ ಒಳಪಡುತ್ತದೆ, ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯೇ 2017ರಲ್ಲಿ ಹಾಗೆ ತೀರ್ಪು ಕೊಟ್ಟಿದೆ.

ಪ್ಯಾನ್ ದಾಖಲೆಯಲ್ಲೂ ಅನಿವಾಸಿ ಎಂದು ಬದಲಾಯಿಸಿಕೊಳ್ಳಿ. ಆಧಾರ್ ಜೋಡಣೆಯಿಂದ ಅನಿವಾಸಿಗಳಿಗೆ ವಿನಾಯಿತಿ ಇದೆ. ಆದರೆ ನೀವು ಅನಿವಾಸಿ ಎಂದು ಇಲಾಖೆಗೆ ಗೊತ್ತಿರಬೇಕಲ್ಲ? 2023ರ ಜುಲೈಯಲ್ಲಿ ಅದೇ ಕಾರಣಕ್ಕೆ ಬಹಳಷ್ಟು ಅನಿವಾಸಿಗಳು ಪ್ಯಾನ್ ನಿಷ್ಕ್ರಿಯವಾಗಿ ಪರದಾಡಿದರು.

ಮಲೆನಾಡಿನ, ಕೊಡಗಿನ, ದಕ್ಷಿಣ ಕನ್ನಡದ ಮನೆಗಳಿಗೆ ನಾನು ಒತ್ತಿ ಹೇಳಬೇಕಾದದ್ದು ತೋಟದ ವಿಷಯ. ಅನಿವಾಸಿಯೊಬ್ಬ ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಕರ್ನಾಟಕ 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದೆಂಬ ಮಾತು ಹಬ್ಬಿದೆ. ಅದು ರಾಜ್ಯದ ಕಾನೂನು, ಫೆಮಾದ ನಿಷೇಧ ಅದರಿಂದ ಸಡಿಲವಾಗಿಲ್ಲ. ಕೊಳ್ಳುವುದಷ್ಟೇ ಅಲ್ಲ, ದಾನಪತ್ರದ ಮೂಲಕ ಪಡೆಯುವುದೂ ಸಲ್ಲದು. ಮಗ ಅಮೆರಿಕ ಸೇರಿ ಐದು ವರ್ಷವಾದ ಮೇಲೆ, ‘ನನ್ನ ಕಾಲ ಇರುವಾಗಲೇ ಅವನ ಹೆಸರಿಗೆ ಮಾಡಿಬಿಡುತ್ತೇನೆ’ ಎಂದು ಅಪ್ಪ ತಾನು ಕೊಂಡ ಎರಡೆಕರೆ ಅಡಿಕೆ ತೋಟವನ್ನು ದಾನಪತ್ರ ಬರೆದುಕೊಟ್ಟರೆ ಅದು ಉಲ್ಲಂಘನೆ. ಪ್ರೀತಿಯಿಂದ ಮಾಡಿದ್ದು ಮುಂದೆ ಮಾರುವಾಗಲೋ ಹಣ ಒಯ್ಯುವಾಗಲೋ ಮಗನ ಕೊರಳಿಗೆ ಸುತ್ತಿಕೊಳ್ಳುತ್ತದೆ. ವಾರಸುದಾರಿಕೆಯಿಂದ ಬಂದರೆ ಅಡ್ಡಿಯಿಲ್ಲ, ಹೊರಡುವ ಮೊದಲೇ ತನ್ನ ಹೆಸರಿನ ಪಹಣಿ ಇದ್ದರೂ ಅಡ್ಡಿಯಿಲ್ಲ. ಹಾಗಾಗಿ ಬರೆದುಕೊಡುವ ಮನಸ್ಸಿದ್ದರೆ ಮಗ ಹೊರಡುವ ಮೊದಲು ಬರೆಯಿರಿ, ಇಲ್ಲವೇ ಉಯಿಲು ಮಾಡಿಡಿ.

ತೋಟದ ಆದಾಯಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ. ಕಾಫಿಯಲ್ಲಾದರೆ, ಬೆಳೆದವರೇ ಕ್ಯೂರಿಂಗ್ ಮಾಡಿ ಮಾರಿದರೆ ನಾಲ್ಕನೇ ಒಂದು ಭಾಗ ವ್ಯಾಪಾರದ ಆದಾಯ. ಆದರೆ ಅಮೆರಿಕದ ತೆರಿಗೆ ಇಲಾಖೆಗೆ ಅಡಿಕೆಯ ಹಣವೂ ಆದಾಯವೇ. ಇಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಅಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ.

ಮನೆ, ಫ್ಲಾಟ್ ಮಾರುವ ಯೋಚನೆ ಇದ್ದವರಿಗೆ ಇನ್ನೊಂದು ಸೂಕ್ಷ್ಮವಿದೆ. 70 ಲಕ್ಷಕ್ಕೆ ಕೊಂಡ ಫ್ಲಾಟನ್ನು ಕೆಲ ವರ್ಷಗಳ ನಂತರ 90 ಲಕ್ಷಕ್ಕೆ ಮಾರಿದರೆ, ನಿವಾಸಿಯ ಕೈಯಿಂದ ಕೊಳ್ಳುವವರು ಹಿಡಿಯುವ ಟಿಡಿಎಸ್ ಶೇ 1, ಅಂದರೆ 90 ಸಾವಿರ. ಅನಿವಾಸಿಯಿಂದ ಕೊಂಡರೆ ಇಡೀ 90 ಲಕ್ಷದ ಮೇಲೆ ಶೇ 12.5, ಸರ್‌ಚಾರ್ಜ್, ಸೆಸ್ ಸೇರಿ ಸುಮಾರು 12.87 ಲಕ್ಷ. ನಿಜವಾದ ತೆರಿಗೆ 20 ಲಕ್ಷ ಲಾಭದ ಮೇಲೆ ಸುಮಾರು 2.6 ಲಕ್ಷ ಮಾತ್ರ. ಉಳಿದ 10 ಲಕ್ಷಕ್ಕೆ ರಿಟರ್ನ್ ಹಾಕಿ ರೀಫಂಡಿಗೆ ಕಾಯಬೇಕು. ಮಾರುವ ಮೊದಲೇ ಇಲಾಖೆಯಿಂದ ಕಡಿಮೆ ಟಿಡಿಎಸ್‌ನ ಪ್ರಮಾಣಪತ್ರ ಪಡೆಯಬಹುದು, ಪಡೆಯಲೇಬೇಕು. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಗೆ ಇಂಡೆಕ್ಸೇಷನ್ ಸಹಿತ ಶೇ 20ರ ಹಳೆಯ ಲೆಕ್ಕ ಆರಿಸಿಕೊಳ್ಳುವ ಸೌಲಭ್ಯವೂ ನಿವಾಸಿಗಳಿಗೆ ಮಾತ್ರ.

ಹಾಗಾದರೆ ಹೊರಡುವ ಮೊದಲೇ ಮಾರಿಬಿಡೋಣ ಎಂದರೆ, ಇಲ್ಲೇ ತಾರೀಕು ಮತ್ತೆ ಅಡ್ಡ ಬರುತ್ತದೆ. ಜೂನ್‌ನಲ್ಲಿ ಫ್ಲಾಟ್ ಮಾರಿ ಆಗಸ್ಟ್‌ನಲ್ಲಿ ಕೆಲಸಕ್ಕೆ ಹೊರಟವನು ಆ ಇಡೀ ವರ್ಷಕ್ಕೆ ಅನಿವಾಸಿ ತಾನೇ? ಮಾರುವಾಗ ಬೆಂಗಳೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ಕೂತು ಸಹಿ ಹಾಕಿದ್ದರೂ ತೆರಿಗೆಯ ಲೆಕ್ಕದಲ್ಲಿ ಆತ ಮಾರಿದ್ದು ಅನಿವಾಸಿಯಾಗಿ. ಹಿಂದಿನ ಮಾರ್ಚ್ 31ರೊಳಗೆ ಮಾರಿದ್ದರೆ ಮಾತ್ರ ನಿವಾಸಿಯಾಗಿ. ಸಂಬಳದ ದೃಷ್ಟಿಯಿಂದ ಬೇಗ ಹೊರಡುವುದು ಒಳ್ಳೆಯದು, ಆಸ್ತಿಯ ದೃಷ್ಟಿಯಿಂದ ಅದೇ ಕೆಡುಕಾಗಬಹುದು. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ಕೂಡಿಸಿ ಕಳೆದು ನೋಡದೆ ಹೊರಡುವ ದಿನ ಗೊತ್ತುಮಾಡಬೇಡಿ. ಮನೆ ಬಾಡಿಗೆಗೆ ಬಿಟ್ಟು ಹೋದರೆ ಬಾಡಿಗೆದಾರರೂ ಶೇ 30 ಮತ್ತು ಸೆಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಈ ಸಂಗತಿ ಅವರಿಗೆ ಗೊತ್ತಿರುವುದಿಲ್ಲ, ನೋಟಿಸ್ ಬಂದಾಗ ಅದಕ್ಕೆ ಉತ್ತರ ಹುಡುಕುತ್ತಾ ಓಡಾಡುವುದು ಊರಲ್ಲಿರುವ ನಿಮ್ಮ ಅಪ್ಪ ಅಮ್ಮ. ಕರಾರುಪತ್ರದಲ್ಲೇ ಬರೆಸಿ.

ತಲುಪುವ ದೇಶದ ಕಾನೂನನ್ನು ಹೊರಡುವ ಮೊದಲೇ ಓದಿಕೊಳ್ಳಬೇಕು. ಅಮೆರಿಕ ನಮ್ಮ ಮ್ಯೂಚುವಲ್ ಫಂಡ್‌ಗಳಿಗೆ ಬಹಳ ಕಠಿಣವಾದ ತೆರಿಗೆ ಪದ್ಧತಿ ಇಟ್ಟಿದೆ, ಪ್ರತಿ ಫಂಡಿಗೂ ಬೇರೆ ಫಾರ್ಮು ತುಂಬಬೇಕು. ಅಲ್ಲಿನ ತೆರಿಗೆ ನಿವಾಸಿಯಾಗುವ ಮೊದಲೇ ಅವನ್ನು ಮಾರಿ ಎಫ್‌ಡಿಯಲ್ಲೋ ಬೇರೆಲ್ಲೋ ಇಡುವುದು ಎಷ್ಟೋ ಮಂದಿಗೆ ಒಳಿತು. ಪಿಪಿಎಫ್ ಬಡ್ಡಿ, ಎನ್‌ಆರ್‌ಇ ಬಡ್ಡಿ ನಮ್ಮಲ್ಲಿ ಮುಕ್ತ, ಅಲ್ಲಿ ಅಲ್ಲ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10 ಸಾವಿರ ಡಾಲರ್ ದಾಟಿದ್ದರೆ ಅಲ್ಲಿನ ಖಜಾನೆಗೆ ವರದಿ ಸಲ್ಲಿಸಬೇಕು. ಕೆನಡಾ ಉದಾರಿ: ಅಲ್ಲಿ ಕಾಲಿಟ್ಟ ದಿನದ ಬೆಲೆಯನ್ನೇ ನಿಮ್ಮ ಹಳೆಯ ಷೇರುಗಳ ಖರೀದಿ ಬೆಲೆಯೆಂದು ಒಪ್ಪುತ್ತದೆ, ಅದಕ್ಕಿಂತ ಹಿಂದಿನ ಲಾಭಕ್ಕೆ ಕೈಹಾಕುವುದಿಲ್ಲ. ಬ್ರಿಟನ್ 2025ರ ಏಪ್ರಿಲ್ 6ರಿಂದ, ಹತ್ತು ವರ್ಷ ಹೊರಗಿದ್ದು ಹೊಸದಾಗಿ ಬಂದವರ ವಿದೇಶಿ ಆದಾಯಕ್ಕೆ ಮೊದಲ ನಾಲ್ಕು ವರ್ಷ ವಿನಾಯಿತಿ ಕೊಟ್ಟಿದೆ, ಕೇಳಿ ಪಡೆಯಬೇಕಷ್ಟೆ.

ದೇಶ ಬಿಡುವ ಪ್ರತಿಯೊಬ್ಬರೂ ತೆರಿಗೆ ಬಾಕಿಯಿಲ್ಲವೆಂಬ ಪ್ರಮಾಣಪತ್ರ ತರಬೇಕೆಂದು ವಾಟ್ಸ್‌ಆ್ಯಪಿನಲ್ಲಿ ಓಡಾಡಿದ ಸುದ್ದಿ ಸುಳ್ಳು. ಗಂಭೀರ ಅಕ್ರಮದ ತನಿಖೆ, 10 ಲಕ್ಷ ಮೀರಿದ ಬಾಕಿಯಂಥ ಅಪರೂಪದ ಪ್ರಕರಣಗಳಿಗೆ ಮಾತ್ರ ಅದು ಎಂದು 2024ರ ಆಗಸ್ಟಿನಲ್ಲಿ ನೇರ ತೆರಿಗೆ ಮಂಡಳಿ ಹೇಳಿದೆ. ದೇಶ ಬಿಟ್ಟದ್ದಕ್ಕೇ ತೆರಿಗೆ ಹಾಕುವ ಪದ್ಧತಿಯೂ ನಮ್ಮಲ್ಲಿಲ್ಲ.

ಹಳೆಯ ಪಾಸ್‌ಪೋರ್ಟುಗಳನ್ನು ಎಸೆಯಬೇಡಿ, ಮುದ್ರೆಯಿರುವ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿಡಿ. ಹತ್ತು ವರ್ಷದ ನಂತರ ವಾಪಸ್ ಬರುವಾಗ ಆ ದಿನಗಳ ಲೆಕ್ಕವೇ ಮತ್ತೆ ಬೇಕಾಗುತ್ತದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಇಲ್ಲಿದ್ದದ್ದು 729 ದಿನ ಮೀರದಿದ್ದರೆ, ಬಂದ ಮೇಲೂ ಎರಡು ಮೂರು ವರ್ಷ ‘ಆರ್‌ಎನ್‌ಓಆರ್’ ಎಂಬ ಆ ನಡುವಿನ ಸ್ಥಾನ ಸಿಗುತ್ತದೆ. ಅಲ್ಲಿನ ಷೇರು, ಪಿಂಚಣಿ ಖಾತೆಗಳನ್ನು ನಿಧಾನವಾಗಿ ಸರಿಪಡಿಸಿಕೊಳ್ಳಲು ಆ ಕಾಲ ಸಾಕು. ಬರುವ ವರ್ಷದಲ್ಲಿ ಬೇರೆ ರಜೆಗೆ ಬಂದಿರದಿದ್ದರೆ ಫೆಬ್ರವರಿ 1 ಕಳೆದು ಇಳಿಯಿರಿ, ಮಾರ್ಚ್ 31ಕ್ಕೆ 60 ದಿನ ತುಂಬದೆ ಆ ಒಂದು ವರ್ಷವೂ ಅನಿವಾಸಿಯಾಗಿಯೇ ಉಳಿಯುತ್ತೀರಿ.